ಕಾರಿನ ಹಿಂದಿನ ಸೀಟಿನಲ್ಲಿ ಗಿಣ್ಣದ ಹಾಲು ಚೆಲ್ಲಿದೆ, ವಾಸನೆ ಹೋಗುತ್ತಲೇ ಇಲ್ಲ

ಹೊಸನಗರದ ಮಗಳು, ಶಿವಮೊಗ್ಗ

ನಮಸ್ಕಾರ. ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತಿದೆ. ಆದರೆ ಮೂರು ವಾರದಿಂದ ಮೂಗು ಮುಚ್ಚಿಕೊಂಡು ಗಾಡಿ ಓಡಿಸಿ ಸಾಕಾಗಿದೆ.

ಮೇ ಕೊನೆಯ ವಾರ ತವರಿಗೆ ಹೋಗಿದ್ದೆ. ಅಮ್ಮನ ಹಸು ಕರು ಹಾಕಿತ್ತು. ಕರುವಿಗೆ ಕುಡಿಸಿ ಉಳಿದ ಹಾಲನ್ನು ಅಮ್ಮ ಎರಡು ಲೀಟರಿನ ಸ್ಟೀಲ್ ಕ್ಯಾನಿಗೆ ತುಂಬಿಸಿ ಕೊಟ್ಟಳು. ಮೊದಲ ದಿನದ್ದು, ಒಳ್ಳೇ ದಪ್ಪ, ಹಳದಿ ಬಣ್ಣ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ, ಬಾಳೆಪಟ್ಟೆಯ ನಾರಿನಿಂದ ಬಿಗಿದು ಕಟ್ಟಿದ್ದಳು. ನಾನು ಅದನ್ನು ಹಿಂದಿನ ಸೀಟಿನಲ್ಲಿ ಹಲಸಿನ ಹಣ್ಣಿಗೂ ಬಟ್ಟೆ ಬ್ಯಾಗಿಗೂ ಮಧ್ಯೆ ಒತ್ತಿ ಇಟ್ಟೆ. ರಿಪ್ಪನ್‌ಪೇಟೆ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಲಸಿನ ಹಣ್ಣು ಉರುಳಿದ್ದು ಕೇಳಿಸಿತು. ಕ್ಯಾನ್ ಮಗುಚಿದ್ದು ಕೇಳಿಸಲಿಲ್ಲ.

ಮನೆಗೆ ಬಂದು ನೋಡಿದರೆ ಕ್ಯಾನಿನಲ್ಲಿ ಅರ್ಧವೂ ಇರಲಿಲ್ಲ. ಸೀಟಿನ ಮೇಲೆ ಮಾತ್ರ ದೊಡ್ಡ ಕಲೆ ಏನೂ ಕಾಣಲಿಲ್ಲ. ಅಂಗೈಯಗಲದ ಒದ್ದೆ, ಅಷ್ಟೇ. ಒರೆಸಿ ಸುಮ್ಮನಾದೆ. ಅದೇ ನಾನು ಮಾಡಿದ ತಪ್ಪು ಅಂತ ಈಗ ಅನಿಸುತ್ತಿದೆ.

ಎರಡು ದಿನ ಗಾಡಿ ಬಿಸಿಲಿನಲ್ಲಿ ನಿಂತಿತ್ತು. ಮೂರನೇ ದಿನ ಬಾಗಿಲು ತೆಗೆದರೆ ಒಳಗೆ ಏನೋ ಸತ್ತ ಹಾಗೆ. ಎರಡು ಚೆಂಬು ಕುದಿಯುವ ನೀರಿಗೆ ಡಿಟರ್ಜೆಂಟ್ ಹಾಕಿ ಸುರಿದು, ಬ್ರಷ್‌ನಿಂದ ತಿಕ್ಕಿದೆ. ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಆಮೇಲೆ ಒಂದು ಕಾರ್ ವಾಶ್‌ಗೆ 1,800 ರೂಪಾಯಿ ಕೊಟ್ಟೆ. ಅವರು ಸ್ಟೀಮ್ ಹೊಡೆದು, ಯಾವುದೋ ಮಲ್ಲಿಗೆ ಸೆಂಟು ಹಾಕಿ ಕೊಟ್ಟರು. ಎರಡು ದಿನ ಮಲ್ಲಿಗೆ. ಮೂರನೇ ದಿನ ಮಲ್ಲಿಗೆಯೂ ಇದೆ, ಅದೂ ಇದೆ. ಎರಡೂ ಸೇರಿದ ವಾಸನೆಯನ್ನು ಹೇಗೆ ವರ್ಣಿಸಲಿ?

ಈಗ ಮಳೆ ಹಿಡಿದಿದೆ. ಕಿಟಕಿ ಇಳಿಸುವ ಹಾಗಿಲ್ಲ. ದಿನಾ ನನ್ನ ಜೊತೆ ಬರುತ್ತಿದ್ದ ಪಕ್ಕದ ಮನೆಯ ಟೀಚರ್ "ಪರವಾಗಿಲ್ಲ, ನಂಗೆ ಬಸ್ಸೇ ಅನುಕೂಲ" ಎಂದು ನಗುತ್ತಾ ಹೇಳಿದರು. ಅರ್ಥವಾಗದೇ ಇರುತ್ತಾ?

ಬಟ್ಟೆಯ ಸೀಟು, ಬೂದು ಬಣ್ಣ. ಕವರ್ ಹಾಕಿಸಿಲ್ಲ. ಸಣ್ಣ ಕಾರು, ಎಂಟು ವರ್ಷ ಹಳೆಯದು. ಸೀಟನ್ನೇ ಬದಲಾಯಿಸಬೇಕಾ? ಅಥವಾ ಮನೆಯಲ್ಲೇ ಏನಾದರೂ ಮಾಡಬಹುದಾ?

ವಾರಾಂತ್ಯದ ಮೆಕ್ಯಾನಿಕ್

ಅಡುಗೆ ಸೋಡಾ ಮತ್ತು ವಿನೆಗರ್ ಸಮ ಸಮ ಕಲಸಿ ಸೀಟಿನ ಮೇಲೆ ಹಾಕಿ. ನೊರೆ ಬರುತ್ತದೆ, ಅದು ಕೊಳೆಯನ್ನೆಲ್ಲ ಮೇಲೆ ಎತ್ತುತ್ತದೆ. ಒಣಗಿದ ಮೇಲೆ ವ್ಯಾಕ್ಯೂಮ್ ಮಾಡಿ. ಒಂದು ಬಟ್ಟಲು ಕಾಫಿ ಪುಡಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಿ. ನಾನು ವಿಡಿಯೋದಲ್ಲಿ ನೋಡಿದ್ದೇನೆ, ನೂರಕ್ಕೆ ನೂರು ಕೆಲಸ ಮಾಡುತ್ತದೆ.

ಬೆಳ್ಳಂದೂರು ಸಿಗ್ನಲ್

ಗಾಡಿ ಮಾರಿಬಿಡಿ. ಚಳಿಗಾಲದಲ್ಲಿ, ಬೆಳಿಗ್ಗೆ ಆರು ಗಂಟೆಗೆ ಗಿರಾಕಿಯನ್ನು ಕರೆಯಿರಿ. ನೆಗಡಿ ಇರುವವನಾದರೆ ಇನ್ನೂ ಒಳ್ಳೆಯದು.

(ತಮಾಷೆಗೆ ಹೇಳಿದೆ ಅಕ್ಕ. ಆದರೆ ಉಳಿದ ಅರ್ಧ ಕ್ಯಾನ್ ಗಿಣ್ಣು ಏನಾಯಿತು ಅಂತ ಯಾರೂ ಕೇಳಲಿಲ್ಲವಲ್ಲ!)

ಕುಶನ್ ಅಂಗಡಿ, ಹಾಸನ

ಮೇಡಂ, ನೀವು ಸೀಟು ತೊಳೆದಿಲ್ಲ. ಸೀಟಿನೊಳಗೆ ಗಿಣ್ಣು ಮಾಡಿದ್ದೀರಿ.

ಬೇಜಾರಾಗಬೇಡಿ. ಮನೆಯಲ್ಲಿ ಗಿಣ್ಣು ಮಾಡುವುದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಆವಿಗೆ ಇಡುತ್ತೀರಿ. ಹೆಪ್ಪು ಹಾಕುತ್ತೀರಾ? ಹುಳಿ ಹಿಂಡುತ್ತೀರಾ? ಇಲ್ಲ. ಬಿಸಿ ತಾಗಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ. ಕರುವಿಗೆ ರೋಗ ತಡೆಯುವ ಶಕ್ತಿ ಬರಲಿ ಅಂತ ಆ ಹಾಲಿನಲ್ಲಿ ಪ್ರೋಟೀನು ತುಂಬಿರುತ್ತದೆ. ಬಿಸಿಗೆ ಅದು ಮೊಟ್ಟೆಯ ಬಿಳಿಯ ಹಾಗೆ ಬಿಗಿದುಕೊಳ್ಳುತ್ತದೆ. ನಿಮ್ಮ ಸೀಟಿಗೆ ಮೊದಲು ಬಿಸಿಲು, ಆಮೇಲೆ ಕುದಿಯುವ ನೀರು, ಕೊನೆಗೆ ಸ್ಟೀಮ್. ಮೂರು ಸಲ ಬೇಯಿಸಿದ ಹಾಗಾಯಿತು. ಈಗ ಅದು ಫೋಮಿನ ತೂತು ತೂತಿನಲ್ಲೂ ಕೂತು ಕೊಳೆಯುತ್ತಿದೆ.

ನನ್ನದು ಕುಶನ್ ಅಂಗಡಿ. ಅಪ್ಪ ಇಟ್ಟಿದ್ದು, ನಾನು 26 ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಮೊದಲು ಬಸ್ಸಿನ ಸೀಟು, ಅಂಬಾಸಿಡರ್ ಸೀಟು ಮಾಡುತ್ತಿದ್ದೆವು. ಆಗ ಒಳಗೆ ಸ್ಪ್ರಿಂಗು, ತೆಂಗಿನ ನಾರು, ಮೇಲೆ ರೆಕ್ಸಿನ್ನು. ಹಾಲಲ್ಲ, ಸಾರು ಚೆಲ್ಲಿದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಈಗ ಎಲ್ಲ ಫೋಮು, ಮೇಲೆ ಪಾಲಿಯೆಸ್ಟರ್ ಬಟ್ಟೆ. ಬಟ್ಟೆ ನೀರು ಹಿಡಿದುಕೊಳ್ಳುವುದಿಲ್ಲ, ಕೆಳಗೆ ಬಿಡುತ್ತದೆ. ಅದಕ್ಕೇ ನಿಮಗೆ ಮೇಲೆ ಅಂಗೈಯಗಲ ಮಾತ್ರ ಕಂಡಿದ್ದು. ಕೆಳಗೆ ಊಟದ ತಟ್ಟೆಯಗಲ ಇರುತ್ತದೆ. ಅಲ್ಲಿಂದಲೂ ಕೆಳಗೆ ಇಳಿದಿರುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೇಲಿನ ಸಹೋದರರು ಸೋಡಾ, ವಿನೆಗರ್ ಹೇಳಿದ್ದಾರೆ. ಕ್ಷಮಿಸಿ, ಒಪ್ಪುವುದಿಲ್ಲ. ಒಂದು ಕ್ಷಾರ, ಒಂದು ಆಮ್ಲ. ಎರಡನ್ನೂ ಕಲಸಿದರೆ ಒಂದನ್ನೊಂದು ಕೊಂದುಕೊಂಡು ಗ್ಯಾಸು, ನೀರು, ಒಂದಿಷ್ಟು ಉಪ್ಪು ಉಳಿಯುತ್ತದೆ. ನೊರೆ ನೋಡಲು ಚೆನ್ನ. ಸೋಡಾ ಬೇಕಿದ್ದರೆ ಒಣಗಿದ ಸೀಟಿನ ಮೇಲೆ ಒಣಪುಡಿಯಾಗಿಯೇ ಉದುರಿಸಿ, ರಾತ್ರಿ ಬಿಟ್ಟು ವ್ಯಾಕ್ಯೂಮಿನಲ್ಲಿ ಎಳೆಯಿರಿ. ಸಣ್ಣಪುಟ್ಟ ವಾಸನೆಗೆ ನಡೆಯುತ್ತದೆ. ನಿಮ್ಮದು ಸಣ್ಣಪುಟ್ಟದ್ದಲ್ಲ. ಕಾಫಿ ಪುಡಿಯನ್ನು ಫಿಲ್ಟರಿಗೆ ಹಾಕಿ.

ಈಗ ಕೆಲಸ. ಮೊದಲು ಸೀಟು ಬಿಚ್ಚಬೇಕು. ಗಾಡಿಯೊಳಗೇ ಇಟ್ಟುಕೊಂಡು ಇದನ್ನು ತೊಳೆಯಲು ಆಗುವುದಿಲ್ಲ. ಬಹಳಷ್ಟು ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಕೂರುವ ಭಾಗವನ್ನು ಒಂದೆರಡು ಬೋಲ್ಟು ಇಲ್ಲವೇ ಕ್ಲಿಪ್ಪು ಹಿಡಿದಿರುತ್ತವೆ. ನಿಮ್ಮ ಗಾಡಿಯಲ್ಲಿ ಯಾವುದು ಅಂತ ನೋಡಿಕೊಳ್ಳಿ. ಗೊತ್ತಾಗದಿದ್ದರೆ ಪರಿಚಯದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಬಿಚ್ಚಿಕೊಡುತ್ತಾನೆ. ಬಿಚ್ಚುವ ಮೊದಲು ಬೆಲ್ಟಿನ ಬಕಲ್ ಯಾವ ಸಂದಿನಿಂದ ಮೇಲೆ ಬಂದಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸೀಟಿಗೆ ಮಾತ್ರ ಕೈ ಹಾಕಬೇಡಿ. ಅದರ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನದು. ಅಲ್ಲಿಗೆ ನೀರೂ ಬೇಡ, ಕೈಯೂ ಬೇಡ.

ಸೀಟು ಎತ್ತಿದ ಮೇಲೆ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಕೆಳಗೆ ಇಳಿದಿರುತ್ತದೆ ಅಂದೆನಲ್ಲ, ಅದು ಇದೇ. ಕಾರ್ಪೆಟ್ ಅಡಿಯಲ್ಲಿ ಕಂಬಳಿಯಂಥ ಒಂದು ದಪ್ಪ ಪದರ ಇರುತ್ತದೆ, ಸದ್ದು ತಡೆಯಲು ಹಾಕಿದ್ದು. ನೀರು ಹೀರಿದರೆ ತಿಂಗಳಾದರೂ ಬಿಡದು. ನನ್ನ ಹತ್ತಿರ ವಾಸನೆ ಅಂತ ಬರುವ ಗಾಡಿಗಳಲ್ಲಿ ಅರ್ಧಕ್ಕರ್ಧ ಸೀಟಿನ ತಪ್ಪೇ ಇರುವುದಿಲ್ಲ, ಈ ಪದರದ್ದು. ಜನ ಸೀಟನ್ನು ಮೂರು ಸಲ ತೊಳೆಸಿರುತ್ತಾರೆ, ಇದನ್ನು ಒಬ್ಬರೂ ಎತ್ತಿ ನೋಡಿರುವುದಿಲ್ಲ.

ಸೀಟನ್ನು ಅಂಗಳದಲ್ಲಿ ಎರಡು ಇಟ್ಟಿಗೆಯ ಮೇಲೆ ಇಡಿ. ಮೊದಲು ಒಣಧೂಳು ತೆಗೆಯಿರಿ. ಧೂಳಿಗೆ ನೀರು ಬಿದ್ದರೆ ಕೆಸರು, ಅಷ್ಟೇ. ಆಮೇಲೆ ತಣ್ಣೀರು ಸುರಿಯಿರಿ, ಅಂಗೈಯಿಂದ ಒತ್ತಿರಿ, ಮತ್ತೆ ಸುರಿಯಿರಿ. ಮೊದಲು ಬಿಳಿ ನೀರು ಬರುತ್ತದೆ, ಮೊಸರು ಪಾತ್ರೆ ತೊಳೆದ ಹಾಗೆ. ಅದು ತಿಳಿಯಾಗುವವರೆಗೂ ಸೋಪಿನ ಮಾತೇ ಬೇಡ.

ಆಮೇಲೆ ಎನ್‌ಜೈಮ್ ಇರುವ ಬಟ್ಟೆ ಸೋಪು. ಪ್ಯಾಕೆಟ್ಟಿನ ಹಿಂದೆ ಎನ್‌ಜೈಮ್ ಅಂತ ಬರೆದಿರುತ್ತದೆ, ಓದಿ ತನ್ನಿ. ಗಟ್ಟಿಯಾದ ಪ್ರೋಟೀನನ್ನು ಚೂರು ಚೂರು ಮಾಡಿ ಕರಗಿಸುವುದು ಅದೇ. ಫ್ರಂಟ್ ಲೋಡ್ ಮೆಷಿನ್ನಿಗೆ ಅಂತ ಮಾರುವ ಲಿಕ್ವಿಡ್ ಸಿಕ್ಕರೆ ಇನ್ನೂ ಒಳ್ಳೆಯದು, ನೊರೆ ಕಡಿಮೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಸಾಕು. ಮಗುವಿನ ಸ್ನಾನದ ನೀರಿಗಿಂತ ಬಿಸಿ ಬೇಡ. ಕುದಿಯುವ ನೀರಿಗೆ ಹಾಕಿದರೆ ಎನ್‌ಜೈಮ್ ಸತ್ತು ಬರೀ ಸೋಪು ಉಳಿಯುತ್ತದೆ. ಇದನ್ನು ಕಲೆಗಿಂತ ಒಂದು ಗೇಣು ಆಚೆಗೂ ಸುರಿದು, ಒಳಗೆ ಇಳಿಯುವ ಹಾಗೆ ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮುಕ್ಕಾಲು ಗಂಟೆ ಬಿಡಿ. ಒಣಗಬಾರದು. ಅದಕ್ಕೆ ಬೇಕಾಗಿರುವುದು ಸಮಯ, ನಿಮ್ಮ ತೋಳಿನ ಬಲ ಅಲ್ಲ. ಗಸಗಸ ತಿಕ್ಕಿದರೆ ಬಟ್ಟೆ ನವಿರೇಳುತ್ತದೆ, ಆಮೇಲೆ ಅದು ಸರಿಹೋಗುವುದಿಲ್ಲ.

ಮತ್ತೆ ತಣ್ಣೀರು. ಸೋಪಿನ ಜಿಡ್ಡು ಕೈಗೆ ಸಿಗದ ಹಾಗೆ ಆಗುವವರೆಗೂ. ಉಳಿದ ಸೋಪು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. "ತೊಳೆಸಿದ ಮೇಲೇ ಬೇಗ ಕೊಳೆಯಾಗ್ತಿದೆ" ಅಂತ ಜನ ಹೇಳುವುದು ಸುಳ್ಳಲ್ಲ, ಕಾರಣ ಇದೇ.

ನೀರು ತೆಗೆಯುವಾಗ ಫೋಮನ್ನು ಬಟ್ಟೆಯ ಹಾಗೆ ಹಿಂಡಬೇಡಿ, ಹರಿಯುತ್ತದೆ. ಸೀಟನ್ನು ಓರೆಯಾಗಿ ನಿಲ್ಲಿಸಿ ಒತ್ತಿ ಇಳಿಸಿ. ವೆಟ್ ಅಂಡ್ ಡ್ರೈ ಅಂತ ಬರೆದ ವ್ಯಾಕ್ಯೂಮ್ ಇದ್ದರೆ ಎಳೆಯಿರಿ. ಮನೆಯ ಮಾಮೂಲಿ ವ್ಯಾಕ್ಯೂಮಿನಲ್ಲಿ ನೀರು ಎಳೆದರೆ ಮೋಟಾರೂ ಹೋಗುತ್ತದೆ, ಶಾಕೂ ಹೊಡೆಯಬಹುದು. ಯಾವುದೂ ಇಲ್ಲದಿದ್ದರೆ ಹಳೇ ಟವೆಲ್ ಹಾಸಿ, ಮೇಲೆ ಮೊಣಕಾಲೂರಿ ಕೂತುಕೊಳ್ಳಿ. ಟವೆಲ್ ಬದಲಾಯಿಸಿ, ಮತ್ತೆ ಕೂತುಕೊಳ್ಳಿ. ನಮ್ಮ ಅಂಗಡಿಯಲ್ಲಿ ಮೆಷಿನ್ ಬರುವ ಮೊದಲು ಹೀಗೇ ಮಾಡುತ್ತಿದ್ದೆವು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ತೊಳೆಯುವುದು ಒಂದು ಗಂಟೆಯ ಕೆಲಸ, ಒಣಗಿಸುವುದು ಎರಡು ದಿನದ್ದು. ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಅಂಗಡಿ ಕೈಗೆ ಬಂದ ಎರಡನೇ ವರ್ಷ, ಆಷಾಢದಲ್ಲಿ, ಒಬ್ಬ ವಕೀಲರ ಮನೆಯ ಸೋಫಾ ತೊಳೆದುಕೊಟ್ಟೆ. ಸಕಲೇಶಪುರದ ಕಡೆಯವರು. ಮೇಲೆ ಮುಟ್ಟಿದರೆ ಒಣಗಿತ್ತು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಅಂತ ಅವಸರ ಮಾಡಿದರು, ಕಳಿಸಿಬಿಟ್ಟೆ. ವಾರಕ್ಕೆ ಫೋನ್ ಬಂತು. ಹೋಗಿ ಜಿಪ್ ಎಳೆದು ನೋಡಿದರೆ ಫೋಮಿನ ಮೇಲೆ ಕಪ್ಪು ಚುಕ್ಕಿ ಚುಕ್ಕಿ ಬೂಷ್ಟು, ರಾಗಿ ಚೆಲ್ಲಿದ ಹಾಗೆ. ಆರು ಕುಶನ್ನಿನ ಫೋಮನ್ನು ನನ್ನ ಕೈಯಿಂದ ಹಾಕಿಕೊಟ್ಟೆ. ವಕೀಲರು ಒಂದು ಮಾತೂ ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ವಾಸಿ ಇತ್ತು. ಅಂದಿನಿಂದ ಬಟ್ಟೆ ಮುಟ್ಟಿ ನೋಡಿ "ಒಣಗಿದೆ" ಅನ್ನುವುದನ್ನು ಬಿಟ್ಟಿದ್ದೇನೆ. ಒಣ ಟಿಶ್ಯೂ ಇಟ್ಟು, ಮೇಲೆ ಐದು ನಿಮಿಷ ಕೂತು, ಎದ್ದು ಟಿಶ್ಯೂ ನೋಡುತ್ತೇನೆ.

ನಿಮ್ಮಲ್ಲಿ ಮಳೆ. ಸೀಟನ್ನು ಒಳಗೆ ನಿಲ್ಲಿಸಿ, ಎರಡು ಕಡೆಯಿಂದ ಫ್ಯಾನ್ ಹಾಕಿ. ಮಲಗಿಸಬೇಡಿ, ನಿಲ್ಲಿಸಿ. ಎರಡು ದಿನದೊಳಗೆ ಒಣಗಲೇಬೇಕು. ಗಾಡಿಯೊಳಗಿನ ಕಾರ್ಪೆಟ್‌ಗೂ ಇದೇ ತಣ್ಣೀರು, ಇದೇ ಸೋಪು, ಆದರೆ ಸುರಿಯದೆ ಬಟ್ಟೆಯಲ್ಲಿ ಅದ್ದಿ ಅದ್ದಿ. ಆಮೇಲೆ ಅಡಿಗೆ ನ್ಯೂಸ್ ಪೇಪರ್ ಸುರುಳಿ ತುರುಕಿ ಎತ್ತಿಟ್ಟು, ಮೂರು ಗಂಟೆಗೊಮ್ಮೆ ಬದಲಾಯಿಸಿ. ಕೊನೆಗೆ ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ, ಗುಂಡಿಯನ್ನು ಬಿಸಿ ಕಡೆಗೆ ತಿರುಗಿಸಿ, ಕಿಟಕಿ ಎರಡು ಬೆರಳು ಇಳಿಸಿ ಅರ್ಧ ಗಂಟೆ ಬಿಡಿ. ಎಸಿ ತೇವ ಎಳೆಯುತ್ತದೆ, ಬಿಸಿಗಾಳಿ ಒಣಗಿಸುತ್ತದೆ. ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಪ್ರಾಣಕ್ಕೇ ಅಪಾಯ.

ಸೀಟು ಬದಲಾಯಿಸಬೇಕಿಲ್ಲ. ಇಷ್ಟು ಮಾಡಿದ ಮೇಲೂ ಹೋಗದಿದ್ದರೆ ಫೋಮು ಮಾತ್ರ ಬದಲಾಯಿಸಿ, ಬಟ್ಟೆ ಅದೇ ಇರಲಿ.

ಶಿರಸಿ ಅಜ್ಜಿ

ನಮ್ಮಲ್ಲಿ ರೇಷ್ಮೆ ಸೀರೆಗೆ, ಉಣ್ಣೆ ಶಾಲಿಗೆ ಅಂಟುವಾಳದ ಕಾಯಿ ನೆನೆಸಿದ ನೀರು. ನಲವತ್ತು ವರ್ಷದ ಹಿಂದಿನ ಸೀರೆ ಇನ್ನೂ ಉಡುತ್ತೇನೆ. ಸೀಟಿಗೂ ಅದನ್ನೇ ಹಾಕಬಹುದಲ್ಲ? ಪೇಟೆ ಸೋಪು ಯಾಕೆ?

ಕುಶನ್ ಅಂಗಡಿ, ಹಾಸನ

ಅಮ್ಮಾ, ರೇಷ್ಮೆಗೆ, ಉಣ್ಣೆಗೆ ನೀವು ಹೇಳಿದ್ದೇ ಸರಿ. ನಾನು ಹೇಳಿದ ಎನ್‌ಜೈಮ್ ಸೋಪನ್ನು ರೇಷ್ಮೆಗೆ ಹಾಕಲೇಬಾರದು. ರೇಷ್ಮೆಯೂ ಪ್ರೋಟೀನೇ, ಅದನ್ನೂ ತಿನ್ನುತ್ತದೆ. ಆದರೆ ಈ ಬೆಂದ ಹಾಲಿಗೆ ಅಂಟುವಾಳದ ಶಕ್ತಿ ಸಾಲದು. ಇನ್ನೊಂದು, ತಿಳಿ ಬಣ್ಣದ ಬಟ್ಟೆಗೆ ಅದರ ಕಂದು ಬಣ್ಣ ಹಿಡಿಯಬಹುದು. ಸೀರೆಯನ್ನು ಬಾವಿಕಟ್ಟೆಯಲ್ಲಿ ನಾಲ್ಕು ನೀರಿನಲ್ಲಿ ಜಾಲಿಸಬಹುದು, ಸೀಟನ್ನು ಹಾಗೆ ಮಾಡಲು ಆಗುವುದಿಲ್ಲವಲ್ಲ.

ಹೊಸನಗರದ ಮಗಳು, ಶಿವಮೊಗ್ಗ

ಅಣ್ಣ, ಇಷ್ಟು ಬರೆದಿದ್ದಕ್ಕೆ ಏನು ಹೇಳಲಿ. ಇವತ್ತು ಬೆಳಿಗ್ಗೆ ಪಕ್ಕದ ಬೀದಿಯ ಮೆಕ್ಯಾನಿಕ್ ಕರೆಸಿ ಸೀಟು ಬಿಚ್ಚಿಸಿದೆ. ನೀವು ಹೇಳಿದ್ದು ಅಕ್ಷರಶಃ ನಿಜ. ಮೇಲೆ ಏನೂ ಇಲ್ಲ. ಮಗುಚಿ ನೋಡಿದರೆ ಫೋಮಿನ ಅಡಿಯಲ್ಲಿ ತಟ್ಟೆಯಗಲದ ಹಳದಿ ಕಲೆ, ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಉದುರುತ್ತದೆ. ಬೆಲ್ಲ ಹಾಕದ ಗಿಣ್ಣು! ಮೆಕ್ಯಾನಿಕ್ ಹುಡುಗ "ಏನಕ್ಕಾ ಇದು ಪನೀರಾ?" ಅಂದ. ಕಾರ್ಪೆಟ್ ಕೆಳಗಿನ ಪದರವಂತೂ ಇನ್ನೂ ಒದ್ದೆ. ಮೂರು ವಾರವಾದರೂ!

ಫೋಮು ತೊಳೆದು ನಡುಮನೆಯಲ್ಲಿ ನಿಲ್ಲಿಸಿದ್ದೇನೆ, ಎರಡು ಫ್ಯಾನ್ ಓಡುತ್ತಿವೆ. ಬಚ್ಚಲ ಒಲೆಯ ಹತ್ತಿರ ಇಡಲಾ ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ಬೇಡ ಅಂದೆ. ಸರಿ ತಾನೆ?

ಉಳಿದ ಅರ್ಧ ಕ್ಯಾನ್ ಗಿಣ್ಣು ಮಾಡಿ ತಿಂದೆವು, ಕೇಳಿದವರಿಗೆ.

ಇನ್ನೊಂದು ಸಂಕಟ ಇದೆ, ಇದರ ಜೊತೆಗೇ ಕೇಳಿಬಿಡುತ್ತೇನೆ. ಮನೆಯ ಸೋಫಾ ಮೇಲೆ ಮಗ ಮ್ಯಾಚ್ ನೋಡುತ್ತಾ ಸಾರು ಚೆಲ್ಲಿದ. ಹಳದಿ ಕಲೆ. ಬಾರ್ ಸೋಪು ಹಚ್ಚಿದ ತಕ್ಷಣ ಅದು ಕೆಂಪಗಾಯಿತು! ನನ್ನ ಎದೆಯೇ ಒಡೆದುಹೋಯಿತು. ಗೋಧಿ ಬಣ್ಣದ ಜೂಟ್ ಬಟ್ಟೆಯ ಸೋಫಾ. ಕವರಿಗೆ ಜಿಪ್ ಇದೆ, ಬಿಚ್ಚಿ ಮೆಷಿನ್ನಿಗೆ ಹಾಕಲಾ?

ಕುಶನ್ ಅಂಗಡಿ, ಹಾಸನ

ಒಲೆ ಹತ್ತಿರ ಬೇಡ, ಸರಿಯಾಗಿ ಹೇಳಿದಿರಿ. ಫೋಮು ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ, ಹೊಗೆಯೂ ವಿಷ. ಬಿಸಿಲು ಬಂದರೂ ಬರೀ ಫೋಮನ್ನು ದಿನಗಟ್ಟಲೆ ಒಣಹಾಕಬೇಡಿ, ಹಳದಿಯಾಗಿ ಪುಡಿಯಾಗುತ್ತದೆ.

ಸೋಫಾ ವಿಷಯ. ಕೆಂಪಾದದ್ದಕ್ಕೆ ಹೆದರಬೇಡಿ. ಆರತಿ ತಟ್ಟೆಗೆ ಅರಿಶಿನದ ನೀರು, ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಇದು. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪು. ಬಾರ್ ಸೋಪು ಕ್ಷಾರ. ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಒತ್ತಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆ ಹಳದಿ ಬರೀ ನೀರಿಗೆ ಕರಗುವುದಿಲ್ಲ. ಎಣ್ಣೆಗೆ, ಸ್ಪಿರಿಟ್ಟಿಗೆ ಕರಗುತ್ತದೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟನ್ನು ಬಿಳಿ ಬಟ್ಟೆಗೆ ಹಾಕಿ, ಕಲೆಯ ಅಂಚಿನಿಂದ ನಡುವಿಗೆ ತಟ್ಟುತ್ತಾ ಬನ್ನಿ. ನಡುವಿನಿಂದ ಹೊರಗೆ ಹೋದರೆ ಕಲೆ ದೊಡ್ಡದಾಗುತ್ತದೆ. ಬಟ್ಟೆಗೆ ಹಳದಿ ಹತ್ತುತ್ತದೆ, ಜಾಗ ಬದಲಾಯಿಸಿ ಮತ್ತೆ ತಟ್ಟಿ. ಕಿಟಕಿ ತೆಗೆದಿರಲಿ, ಪಕ್ಕದಲ್ಲಿ ದೇವರ ದೀಪ ಬೇಡ. ಕೊನೆಗೆ ಉಳಿಯುವ ತೆಳು ಹಳದಿಗೆ ಬಿಸಿಲೇ ಮದ್ದು. ಅರಿಶಿನ ಬಿಸಿಲಿಗೆ ಮಾಸುತ್ತದೆ. ಸೋಫಾ ಬಟ್ಟೆಯೂ ಮಾಸುತ್ತದೆ ಅನ್ನಿ, ಹಾಗಾಗಿ ಎರಡು ಮೂರು ಗಂಟೆಗಿಂತ ಜಾಸ್ತಿ ಬೇಡ.

ಏನು ಹಚ್ಚುವುದಿದ್ದರೂ ಮೊದಲು ಸೋಫಾದ ಹಿಂಭಾಗದಲ್ಲಿ, ಗೋಡೆ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹಚ್ಚಿ ನೋಡಿ.

ಜಿಪ್ಪು! ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಆ ಜಿಪ್ ನಿಮಗೋಸ್ಕರ ಇಟ್ಟಿದ್ದಲ್ಲ, ನಮಗೋಸ್ಕರ ಇಟ್ಟುಕೊಂಡಿದ್ದು. ಫೋಮು ತುಂಬಲು ಬೇಕಲ್ಲ. ಮೆಷಿನ್ನಿಗೆ ಹಾಕಿದರೆ ಬಟ್ಟೆ ಒಂದು ಬೆರಳು ಕುಗ್ಗಿದರೂ ಸಾಕು, ಫೋಮು ಒಳಗೆ ಹೋಗುವುದಿಲ್ಲ. ಹೋದರೂ ಮೂಲೆಗಳು ಬಾಳೆಹಣ್ಣಿನ ಹಾಗೆ ಬಾಗುತ್ತವೆ. ಸೋಫಾದ ಕೆಳಗೆ ಲೇಬಲ್ ಇದ್ದರೆ ನೋಡಿ. ಡಬ್ಲ್ಯೂ ಅಂದರೆ ನೀರು ಆಗುತ್ತದೆ. ಎಸ್ ಅಂದರೆ ಡ್ರೈಕ್ಲೀನ್ ದ್ರವ ಮಾತ್ರ, ನೀರು ಬೇಡ. ಎರಡೂ ಅಕ್ಷರ ಇದ್ದರೆ ಎರಡೂ ನಡೆಯುತ್ತದೆ. ಎಕ್ಸ್ ಅಂದರೆ ಧೂಳು ಎಳೆಯುವುದು ಬಿಟ್ಟು ಬೇರೇನೂ ಮಾಡಬೇಡಿ. ನಮ್ಮಂಥವರು ಮಾಡಿಕೊಟ್ಟ ಸೋಫಾದಲ್ಲಿ ಲೇಬಲ್ ಇರುವುದಿಲ್ಲ.

ಆಗ ಅಡಿಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ, ಬೂದಿ ಬಂದರೆ ಹತ್ತಿ ಅಥವಾ ನಿಜವಾದ ಜೂಟು. ಕೂದಲು ಸುಟ್ಟ ವಾಸನೆಯಾದರೆ ಉಣ್ಣೆ, ರೇಷ್ಮೆ. ಜೂಟ್ ಅಂತ ಮಾರುವುದರಲ್ಲಿ ಬಹಳಷ್ಟು ನೋಡಲು ಮಾತ್ರ ಜೂಟು, ಎಳೆ ಪಾಲಿಯೆಸ್ಟರಿನದು. ನಿಮ್ಮದೂ ಹಾಗೇ ಇದ್ದರೆ ಒಳ್ಳೆಯದೇ, ನೀರಿಗೆ ಹೆದರುವುದಿಲ್ಲ. ನಿಜವಾದ ಜೂಟಾದರೆ ಒದ್ದೆಯಾದ ಕಡೆ ಕಂದು ಗೆರೆ ಬಿಡುತ್ತದೆ.

ವಾರಾಂತ್ಯದ ಮೆಕ್ಯಾನಿಕ್

ಸೋಡಾ, ವಿನೆಗರ್ ನಮ್ಮ ಮನೆಯ ಸೋಫಾದಲ್ಲಿ ಕೆಲಸ ಮಾಡಿದೆ ಸರ್. ಹಾಗಾದರೆ ಅದು ಹೇಗೆ?

ಕುಶನ್ ಅಂಗಡಿ, ಹಾಸನ

ಹಾಕಿ ಚೆನ್ನಾಗಿ ಒರೆಸಿರುತ್ತೀರಿ. ಒರೆಸಿದ್ದು ಕೆಲಸ ಮಾಡಿದೆ.

ಬೆಳ್ಳಂದೂರು ಸಿಗ್ನಲ್

ನಮ್ಮ ಸೋಫಾಗೆ ಎಸ್ ಲೇಬಲ್ ಇದೆ. ನೋಡದೇ ನೀರು ಹಾಕಿ ಒರೆಸಿದ್ದೆ. ಈಗ ಕಲೆ ಹೋಗಿದೆ, ಅದರ ಸುತ್ತ ಒಂದು ದೊಡ್ಡ ನೀರಿನ ಗೆರೆ ಬಂದಿದೆ, ಭೂಪಟದ ಹಾಗೆ. ಹೆಂಡತಿ ಅದರ ಮೇಲೆ ಕಸೂತಿ ಕುಶನ್ ಇಟ್ಟಿದ್ದಾಳೆ. ಸದ್ಯಕ್ಕೆ ಅದೇ ಪರಿಹಾರ.

ಹೊಸನಗರದ ಮಗಳು, ಶಿವಮೊಗ್ಗ

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ.

ಎನ್‌ಜೈಮ್ ಸೋಪು ಒಂದು ಸಲಕ್ಕೆ ಸಾಲಲಿಲ್ಲ, ಎರಡು ಸಲ ಮಾಡಿದೆ. ಎರಡನೇ ಸಲ ಒತ್ತಿದಾಗ ಹಳದಿ ಚೂರು ಚೂರು ನೀರಿನಲ್ಲಿ ತೇಲಿ ಬಂದವು. ನೋಡಲು ಅಸಹ್ಯ, ಆದರೆ ಏನೋ ಸಮಾಧಾನ. ಒಣಗಲು ಎರಡು ದಿನ ಅಂದಿರಿ, ನಮ್ಮ ಮಳೆಗೆ ಮೂರೂವರೆ ಆಯಿತು. ಹೆದರಿ ಪಕ್ಕದ ಮನೆಯಿಂದ ಇನ್ನೊಂದು ಟೇಬಲ್ ಫ್ಯಾನ್ ತಂದೆ. ಬೂಷ್ಟು ಬರಲಿಲ್ಲ. ಟಿಶ್ಯೂ ಇಟ್ಟು ನಾನೂ ಮಗನೂ ಸರದಿಯಲ್ಲಿ ಕೂತು ನೋಡಿದೆವು. ಕಾರ್ಪೆಟ್ ಕೆಳಗಿನ ಪದರದಲ್ಲಿ ಒಂದು ಮೊಳದಷ್ಟು ತೊಳೆದರೂ ಸರಿಹೋಗಲಿಲ್ಲ. ಕತ್ತರಿಸಿ ಬಿಸಾಡಿದೆ. ಅಷ್ಟಗಲದ ಹೊಸ ತುಂಡು ಹಾಕಿಸಬೇಕು.

ವಾಸನೆ ಹೋಗಿದೆ. ಪೂರ್ತಿನಾ ಅಂದರೆ, ಮಧ್ಯಾಹ್ನ ಮುಚ್ಚಿಟ್ಟ ಗಾಡಿಯ ಬಾಗಿಲು ತೆಗೆದ ಮೊದಲ ಕ್ಷಣಕ್ಕೆ ಏನೋ ಇದೆ ಅನಿಸುತ್ತದೆ. ನನ್ನ ಮೂಗಿನ ಭ್ರಮೆಯೋ ಏನೋ. ಟೀಚರ್‌ಗೆ ಹೇಳದೇ ಒಂದು ದಿನ ಲಿಫ್ಟ್ ಕೊಟ್ಟೆ. ಅವರು ಆಫೀಸಿನ ಗಲಾಟೆ, ಮಗಳ ಟ್ಯೂಷನ್ನು ಎಲ್ಲ ಮಾತಾಡಿದರು, ಮೂಗಿನ ಹತ್ತಿರ ಸೆರಗು ತರಲಿಲ್ಲ.

ಸೋಫಾ ಎಳೆ ಸುಟ್ಟು ನೋಡಿದೆ. ಮಣಿಯಾಯಿತು. ಜೂಟ್ ಅಂತ ಹೇಳಿ ಮಾರಿದವನ ಅಂಗಡಿಗೆ ಆ ಮಣಿ ತೆಗೆದುಕೊಂಡು ಹೋಗೋಣ ಅನಿಸಿತು. ಅರಿಶಿನದ ಕಲೆ ಮುಕ್ಕಾಲು ಹೋಗಿದೆ, ಉಳಿದದ್ದಕ್ಕೆ ಬಿಸಿಲು ಕಾಯುತ್ತಿದ್ದೇನೆ. ಶಿವಮೊಗ್ಗದಲ್ಲಿ ಜುಲೈನಲ್ಲಿ!

ಕುಶನ್ ಅಂಗಡಿ, ಹಾಸನ

ಒಳ್ಳೆಯದಾಯಿತು. ಪದರದ ತುಂಡು ಹಾಕಿಸುವವರೆಗೆ ಅಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಸೀಟು ಕೂರಿಸಿದ ಮೇಲೆ ಬೋಲ್ಟು ಬಿಗಿ ಇದೆಯಾ? ಬೆಲ್ಟಿನ ಬಕಲ್‌ಗಳೆಲ್ಲ ಮೇಲೆ ಬಂದಿವೆಯಾ ಎಣಿಸಿದಿರಾ?

ಹೊಸನಗರದ ಮಗಳು, ಶಿವಮೊಗ್ಗ

ಬೋಲ್ಟು ಬಿಗಿ ಇದೆ. ಬಕಲ್ ಈಗ ಹೋಗಿ ಎಣಿಸಿ ಬಂದೆ. ಎರಡು ಮೇಲಿದೆ, ಒಂದು ಸೀಟಿನ ಅಡಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ಮೆಕ್ಯಾನಿಕ್ ಹುಡುಗನಿಗೆ ಫೋನ್ ಮಾಡಿದ್ದೇನೆ.